ದೆವ್ವಗಳಿಗೆ ಸಂಬಳ ಕೊಡಿಸಿದ ಕಥೆ

2023ರ ದಸರಾ ಮುಗಿದು ತಿಂಗಳಾಗಿತ್ತು. ದೊಡ್ಡಕೆರೆ ಮೈದಾನದಲ್ಲಿ ಎಕ್ಸಿಬಿಷನ್ ಇನ್ನೂ ನಡೆಯುತ್ತಿತ್ತು. ಹತ್ತು ದಿನದ ದಸರಾ ಮುಗಿದರೂ ಎಕ್ಸಿಬಿಷನ್ ಬೇಗ ಮುಗಿಯುವುದಿಲ್ಲ ಅಂತ ಮೈಸೂರಿನವರಿಗೆ ಗೊತ್ತು. ಜನ ಕಡಿಮೆಯಾದ ಮೇಲೆ ಹೋಗುವುದು ನಮ್ಮ ಮನೆಯ ಪದ್ಧತಿ. ಜಾಯಿಂಟ್ ವೀಲ್ ಆಯಿತು, ಡೆಲ್ಲಿ ಹಪ್ಪಳ ಆಯಿತು. ಕೊನೆಗೆ ಮಗಳು ಭೂತ ಬಂಗಲೆಗೆ ಹೋಗಲೇಬೇಕು ಎಂದು ಹಟ ಹಿಡಿದಳು. ಆಗ ಅವಳಿಗೆ ಆರು ವರ್ಷ. ಒಳಗೆ ಹೋಗಿ ಅರ್ಧ ನಿಮಿಷಕ್ಕೆ ನನ್ನ ಕುತ್ತಿಗೆಗೆ ನೇತಾಡಿಕೊಂಡು, ಕಣ್ಣು ಮುಚ್ಚಿಕೊಂಡೇ ಹೊರಗೆ ಬಂದಳು.

ಅಳು ನಿಲ್ಲಿಸಲು ಟೆಂಟಿನ ಹಿಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನೋಡಿದರೆ ಈಗ ತಾನೇ ಕಿರುಚಿದ ದೆವ್ವ! ಸ್ಟೂಲಿನ ಮೇಲೆ ಕೂತು ಚುರುಮುರಿ ತಿನ್ನುತ್ತಿತ್ತು. ಮುಖವಾಡ ತೊಡೆಯ ಮೇಲಿತ್ತು. ಪಕ್ಕದಲ್ಲಿ ನಿಂತವನಿಗೆ ಆತ ಹೇಳುತ್ತಿದ್ದ, "ಅಣ್ಣಾ, ಹೋದ ವಾರದ್ದೇ ಬಂದಿಲ್ಲ. ಐನೂರಾದ್ರೂ ಕೊಡಿ." ಆ ಕಡೆಯಿಂದ ಉತ್ತರ, "ನಾಳೆ ಬಾ, ನೋಡೋಣ."

ಮಗಳ ಅಳು ನಿಂತಿತು. ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ದೆವ್ವ ಇವಳನ್ನು ನೋಡಿ, "ಹೆದ್ರುಕೋಬೇಡವ್ವಾ, ಈಗ ತಿಂಡಿ ಟೈಮು" ಎಂದಿತು.

ಮನೆಗೆ ಬರುವವರೆಗೂ ನನ್ನ ತಲೆಯಲ್ಲಿ ಇದ್ದಿದ್ದು ಆ ಎರಡು ಪದ. ನಾಳೆ ಬಾ. ನಾನು ಚಿಕ್ಕವನಿದ್ದಾಗ ಬೀದಿಯ ಎಷ್ಟೋ ಮನೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಇದನ್ನೇ ಬರೆದಿರುತ್ತಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ, ನಾಳೆ ಬರೋಣ ಎಂದು ವಾಪಸ್ಸು ಹೋಗುತ್ತದೆ. ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ. ಪಾಪದ ದೆವ್ವ, ಓದು ಬರಹ ಬಂದಿದ್ದೇ ತಪ್ಪಾಯಿತು. ಭೂತ ಬಂಗಲೆಯಲ್ಲಿ ನಿಜವಾದ ದೆವ್ವಗಳೇ ಕೆಲಸಕ್ಕಿದ್ದು, ಸಂಬಳದ ಕೌಂಟರಿನ ಮೇಲೆ "ನಾಳೆ ಬಾ" ಅಂತ ಬೋರ್ಡು ನೇತು ಹಾಕಿದರೆ? ದೆವ್ವಗಳು ದಿನಾ ಬರುತ್ತವೆ, ದಿನಾ ಓದುತ್ತವೆ, ದಿನಾ ವಾಪಸ್ಸು ಹೋಗುತ್ತವೆ. ಒಂದು ಪೈಸೆ ಖರ್ಚಿಲ್ಲದೆ ಮ್ಯಾನೇಜರು ಪಾರ್ಕು ನಡೆಸಬಹುದು.

ಹೆಂಡತಿಗೆ ಹೇಳಿದೆ. "ಚೆನ್ನಾಗಿದೆ ರೀ, ಬರೆದಿಡಿ" ಎಂದಳು. ಬರೆದಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕಾರ್ಟೂನ್ ಮಾಡುತ್ತೇನೆ ಎಂದು ಹೊರಟೆ.

ನನ್ನ ಕೆಲಸ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಚಿತ್ರ ಬಿಡಿಸಲು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಕಲಿಸಿದ್ದಷ್ಟೇ ಗೊತ್ತು. ಆದರೆ ಕಾರ್ಟೂನ್ ಸಿನಿಮಾ ಮಾಡುವ ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಪೂರ್ತಿ ಬಿಟ್ಟಿ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಅದರ ಹಿಂದಿನ ಕಥೆ ನನಗೆ ಬಹಳ ಇಷ್ಟವಾಯಿತು. ನೆದರ್‌ಲ್ಯಾಂಡ್ಸಿನ ಟೋನ್ ರೋಸೆಂಡಾಲ್ ಎಂಬವರು ಕಟ್ಟಿದ್ದು. ಕಂಪನಿ ಮುಚ್ಚಿ ಹೋದಾಗ, ಒಂದು ಲಕ್ಷ ಯೂರೋ ಕೊಟ್ಟರೆ ಇದನ್ನು ಎಲ್ಲರಿಗೂ ಬಿಟ್ಟುಕೊಡುತ್ತೇವೆ ಎಂದು ಹೂಡಿಕೆದಾರರು ಒಪ್ಪಿದರಂತೆ. 2002ರಲ್ಲಿ ಬಳಕೆದಾರರೇ ಚಂದಾ ಎತ್ತಿ ಏಳು ವಾರದಲ್ಲಿ ಅಷ್ಟೂ ದುಡ್ಡು ಒಟ್ಟು ಮಾಡಿದರು. ಊರಿನವರು ಸೇರಿ ಗಣಪತಿ ಕೂರಿಸಿದ ಹಾಗೆ. ನಾನು ಇಳಿಸಿಕೊಂಡಿದ್ದು 4.0, ಆ ತಿಂಗಳೇ ಬಂದ ಆವೃತ್ತಿ.

ತೆರೆದರೆ ಮಧ್ಯದಲ್ಲಿ ಒಂದು ಬೂದು ಬಣ್ಣದ ಡಬ್ಬ. ಅದನ್ನು ಹೇಗೆ ಅಲುಗಾಡಿಸುವುದು ಎಂದು ತಿಳಿಯಲು ಒಂದು ಸಂಜೆ ಹೋಯಿತು. ಜಿ ಒತ್ತಿದರೆ ಸರಿಯುತ್ತದೆ, ಆರ್ ಒತ್ತಿದರೆ ತಿರುಗುತ್ತದೆ, ಎಸ್ ಒತ್ತಿದರೆ ಹಿಗ್ಗುತ್ತದೆ. ಮೊದಲ ವಾರ ನನಗೆ ಬಂದ ವಿದ್ಯೆ ಇಷ್ಟೇ.

ಮೊದಲು ಕಥೆಯನ್ನು ಚೌಕ ಚೌಕವಾಗಿ ಬರೆದುಕೊಂಡೆ. ಹಳೆಯ ಲೆಡ್ಜರ್ ಹಾಳೆಯ ಹಿಂಬದಿಗೆ, ಒಂದು ಹಾಳೆಗೆ ಆರು ಚೌಕ. ಇದಕ್ಕೆ ಸ್ಟೋರಿಬೋರ್ಡ್ ಅನ್ನುತ್ತಾರೆ. ಆ ಚೌಕಗಳ ಫೋಟೋ ತೆಗೆದು, ಒಂದಾದ ಮೇಲೊಂದು ಜೋಡಿಸಿ, ನನ್ನದೇ ಧ್ವನಿ ಹಾಕಿ ಓಡಿಸಿ ನೋಡಿದೆ. ಅದು ಆನಿಮ್ಯಾಟಿಕ್. ಏಳೂವರೆ ನಿಮಿಷ ಬಂತು. ಹೆಂಡತಿ ಎರಡನೇ ನಿಮಿಷಕ್ಕೆ ಕುಕ್ಕರ್ ನೋಡಲು ಎದ್ದು ಹೋದಳು, ಮತ್ತೆ ಬರಲಿಲ್ಲ. ಕುಕ್ಕರ್ ಕೂಗಿರಲೂ ಇಲ್ಲ. ಅವತ್ತು ರಾತ್ರಿ ಕೂತು ಅರ್ಧಕ್ಕಿಂತ ಜಾಸ್ತಿ ಕಿತ್ತು ಹಾಕಿದೆ. ಉಳಿದಿದ್ದು ಮೂರು ನಿಮಿಷ ಹತ್ತು ಸೆಕೆಂಡು. ಹೊಸದಾಗಿ ಮಾಡುವವರು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಕೀಳುವುದಿದ್ದರೆ ಹಾಳೆಯ ಮೇಲಿರುವಾಗಲೇ ಕಿತ್ತುಬಿಡಿ. ಆಮೇಲೆ ಒಂದೊಂದು ಸೆಕೆಂಡ್ ಕೀಳುವಾಗಲೂ ಹೊಟ್ಟೆ ಉರಿಯುತ್ತದೆ.

ಪಾತ್ರಗಳು ಮೂರು. ಬ್ರಹ್ಮರಾಕ್ಷಸ, ಮೋಹಿನಿ, ಕೊಳ್ಳಿದೆವ್ವ. ಬ್ರಹ್ಮರಾಕ್ಷಸನ ಅರಳಿಮರವನ್ನು ಪಾರ್ಕು ಕಟ್ಟಲು ಕಡಿದಿದ್ದಾರೆ, ಅದಕ್ಕೇ ಇಲ್ಲಿ ಕೆಲಸಕ್ಕೆ ಸೇರಿದ್ದಾನೆ. ವೇದ, ವ್ಯಾಕರಣ ಎಲ್ಲಾ ಓದಿಕೊಂಡವನು. ಜನರನ್ನು ಹೆದರಿಸು ಎಂದರೆ ಅವನಿಗೆ ಅವಮಾನ. ಕೊಳ್ಳಿದೆವ್ವದ ಕೆಲಸ ಕರೆಂಟ್ ಹೋದಾಗ ಟ್ಯೂಬ್‌ಲೈಟ್ ಜಾಗದಲ್ಲಿ ನಿಲ್ಲುವುದು. ಮೋಹಿನಿಯ ಕಥೆಯೇ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ. ಇವರ ಜೊತೆಗೆ ಒಬ್ಬ ಮ್ಯಾನೇಜರು, ಒಂದು ಪುಟ್ಟ ಹುಡುಗಿ.

ಕಂಪ್ಯೂಟರಿನಲ್ಲಿ ಗೊಂಬೆ ಕಟ್ಟುವ ಕೆಲಸ ಜೇಡಿಮಣ್ಣಿನ ಕೆಲಸದ ಹಾಗೇ ಇರುತ್ತದೆ. ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ಎರಡು ತಿಂಗಳು ತಗೊಂಡಿತು. ಒಂದೇ ಒಂದು ಎಡವಟ್ಟು ಬ್ರಹ್ಮರಾಕ್ಷಸನ ಜಟೆಯದ್ದು. ಎಳೆ ಎಳೆಯಾಗಿ ಕೂದಲು ಬೆಳೆಸಲು ಹೋದೆ. ಲ್ಯಾಪ್‌ಟಾಪಿನ ಫ್ಯಾನು ರಾಗಿ ಮಿಲ್ಲಿನ ಹಾಗೆ ಕೂಗಿ, ಪರದೆ ನಿಂತೇಹೋಯಿತು. 2001ರಲ್ಲಿ ಬಂದ 'ಮಾನ್‌ಸ್ಟರ್ಸ್, ಇಂಕ್.' ಚಿತ್ರದ ನೀಲಿ ರಾಕ್ಷಸನಿಗೆ 23 ಲಕ್ಷಕ್ಕೂ ಹೆಚ್ಚು ಕೂದಲಿದ್ದವು. ಅವರ ಹಿಂದೆ ದೊಡ್ಡ ಸ್ಟುಡಿಯೋ ಇತ್ತು. ನನ್ನ ಹಿಂದೆ ಇಎಂಐ ಮುಗಿಯದ ಲ್ಯಾಪ್‌ಟಾಪ್. ಕೂದಲೆಲ್ಲಾ ಬೋಳಿಸಿ, ಹಲಸಿನ ಬೇರಿನ ಹಾಗೆ ದಪ್ಪ ದಪ್ಪ ಒಂಬತ್ತು ಜಡೆ ಅಂಟಿಸಿದೆ. ನೋಡಲು ಅದೇ ಚೆನ್ನಾಗಿತ್ತು. ಕೊಳ್ಳಿದೆವ್ವದ ಬೆಂಕಿಗೂ ಇದೇ ಉಪಾಯ. ನಿಜವಾದ ಬೆಂಕಿಯ ಲೆಕ್ಕಾಚಾರಕ್ಕೆ ಕೈ ಹಾಕಲಿಲ್ಲ. ಗ್ರೀಸ್ ಪೆನ್ಸಿಲ್ ಎಂಬ ಸಲಕರಣೆಯಲ್ಲಿ ನಾಲ್ಕು ಜ್ವಾಲೆ ಕೈಯಲ್ಲೇ ಬಿಡಿಸಿ, ಅವನ್ನೇ ಸುತ್ತಿ ಸುತ್ತಿ ಓಡಿಸಿದೆ.

ಗೊಂಬೆ ಆಡಬೇಕಾದರೆ ಒಳಗೆ ಮೂಳೆ ಬೇಕು. ಇದಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ಯಾವ ಮೂಳೆ ಚರ್ಮದ ಎಷ್ಟು ಭಾಗವನ್ನು ಎಳೆಯಬೇಕು ಎಂಬುದನ್ನು ಬಣ್ಣ ಬಳಿದು ಹೇಳಬೇಕು. ನೀಲಿ ಎಂದರೆ ಸೊನ್ನೆ, ಕೆಂಪು ಎಂದರೆ ಪೂರ್ತಿ. ನನ್ನ ಮ್ಯಾನೇಜರು ಬಾಯಿ ತೆರೆದರೆ ಕಿವಿಯೂ ಕೆಳಗೆ ಬರುತ್ತಿತ್ತು. ಕೈ ಎತ್ತಿದರೆ ಹೊಟ್ಟೆ ಒಳಗೆ ಹೋಗುತ್ತಿತ್ತು. ಮಗಳಿಗೆ ಇದು ಇಡೀ ಸಿನಿಮಾಗಿಂತ ಮಜಾ. ಶಾಲೆಯಿಂದ ಬಂದವಳೇ "ಅಪ್ಪಾ, ಕಿವಿ ಅಲ್ಲಾಡಿಸು" ಅನ್ನುವಳು.

ಈಗ ಮೋಹಿನಿ. ದೆವ್ವದ ಪಾದ ಹಿಂದುಮುಂದು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದರ ಮೇಲೆ ಒಂದು ತಮಾಷೆ ಇಟ್ಟುಕೊಂಡಿದ್ದೆ. ಮ್ಯಾನೇಜರು ದೆವ್ವಗಳ ಹಾಜರಿ ಹಾಕುವುದು ಬಾಗಿಲ ಮುಂದಿನ ಮರಳಿನಲ್ಲಿ ಕಾಲಿನ ಗುರುತು ನೋಡಿ. ಮೋಹಿನಿ ಪಾಪ ಟೈಮಿಗೆ ಸರಿಯಾಗಿ ಡ್ಯೂಟಿಗೆ ಬರುತ್ತಾಳೆ. ಮರಳಿನಲ್ಲಿ ಮೂಡಿದ ಹೆಜ್ಜೆ ಮಾತ್ರ ಹೊರಗೆ ಹೋದಂತೆ ಕಾಣುತ್ತದೆ. ತಿಂಗಳಿಡೀ ಆಬ್ಸೆಂಟ್. ಸಂಬಳ ಕಟ್.

ಹಾಳೆಯ ಮೇಲೆ ಇದು ಒಂದು ಸಾಲು. ಮಾಡಲು ಆರು ವಾರ. ಪಾದವನ್ನು ಹಿಂದಕ್ಕೆ ತಿರುಗಿಸಿದ ಕೂಡಲೇ ಮೊಣಕಾಲೂ ಹಿಂದಕ್ಕೆ ತಿರುಗಿ, ಅವಳು ಕೊಕ್ಕರೆಯ ಹಾಗೆ ನಡೆಯತೊಡಗಿದಳು. ಮೊಣಕಾಲು ಯಾವ ಕಡೆ ಬಾಗಬೇಕು ಎಂದು ತೋರಿಸಲು ಅದರ ಮುಂದೆ ಗಾಳಿಯಲ್ಲಿ ಒಂದು ಗುರಿ ನಿಲ್ಲಿಸಬೇಕು, ಪೋಲ್ ಟಾರ್ಗೆಟ್ ಅಂತ ಅದರ ಹೆಸರು. ಅದನ್ನು ಕಲಿತೆ. ಮೊಣಕಾಲು ಮುಂದೆ ಬಂತು. ಆದರೂ ನಡಿಗೆ ಸುಳ್ಳು ಸುಳ್ಳಾಗಿ ಕಾಣುತ್ತಿತ್ತು. ಎಲ್ಲಿ ತಪ್ಪು ಎಂದು ಗೊತ್ತಾಗಲಿಲ್ಲ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ತಾರಸಿ ಮೇಲೆ ನಾನೇ ಹಿಂದು ಹಿಂದಕ್ಕೆ ನಡೆದೆ. ಮಗಳ ಕೈಯಲ್ಲಿ ಮೊಬೈಲು ಕೊಟ್ಟು ಬರೀ ಕಾಲು ತೆಗಿ ಎಂದಿದ್ದೆ. ವಿಡಿಯೋ ನಿಧಾನಕ್ಕೆ ಓಡಿಸಿದಾಗ ಗೊತ್ತಾಯಿತು. ಮುಂದಕ್ಕೆ ನಡೆಯುವಾಗ ಮೊದಲು ನೆಲ ಮುಟ್ಟುವುದು ಹಿಮ್ಮಡಿ. ಹಿಂದಕ್ಕೆ ನಡೆಯುವಾಗ ಮೊದಲು ಮುಟ್ಟುವುದು ಬೆರಳು, ಆಮೇಲೆ ಹಿಮ್ಮಡಿ ಇಳಿಯುತ್ತದೆ. ನಾನು ಮೋಹಿನಿಗೆ ಪಾದ ತಿರುಗಿಸಿ, ನಡಿಗೆ ಮಾತ್ರ ನಮ್ಮದೇ ಕೊಟ್ಟಿದ್ದೆ. ಬೆರಳು ಮೊದಲು ಊರುವಂತೆ ಬದಲಾಯಿಸಿದ ತಕ್ಷಣ ಅವಳು ನಡೆದಳು. ಸ್ವಲ್ಪ ತೂಗಾಡಿಕೊಂಡು, ಹೊಸ ಚಪ್ಪಲಿ ಕಚ್ಚಿದವರ ಹಾಗೆ. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣ ಹಾಕುತ್ತಿದ್ದ ಆಂಟಿ ಎಲ್ಲವನ್ನೂ ನೋಡಿದ್ದರು. ಆಮೇಲೆ ಎರಡು ದಿನ ನನ್ನ ಹೆಂಡತಿಯ ಹತ್ತಿರ ನನ್ನ ಆರೋಗ್ಯ ವಿಚಾರಿಸುತ್ತಿದ್ದರಂತೆ.

ಧ್ವನಿಗೆ ಸ್ಟುಡಿಯೋ ಎಲ್ಲಿಂದ ತರುವುದು? ಸೀರೆ ಬೀರುವಿನ ಬಾಗಿಲು ತೆರೆದು, ಅದರೊಳಗೆ ತಲೆ ತೂರಿಸಿ ಮಾತಾಡಿದರೆ ಗುಂಯ್‌ಗುಡುವುದಿಲ್ಲ. ರೇಷ್ಮೆ ಸೀರೆಗಿಂತ ಹತ್ತಿ ಸೀರೆ ವಾಸಿ. ಬ್ರಹ್ಮರಾಕ್ಷಸನಿಗೆ ಧ್ವನಿ ಕೊಟ್ಟಿದ್ದು ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು. ಎಪ್ಪತ್ತು ದಾಟಿದ ಹಿರಿಯರು ಬೀರುವಿನೊಳಗೆ ತಲೆ ಹಾಕಿ ನಿಂತಿದ್ದನ್ನು ನೋಡಿ ನನಗೇ ಸಂಕೋಚ. ಅವರಿಗೆ ಏನೂ ಇಲ್ಲ. "ಏನಪ್ಪಾ, ಈ ವಾಕ್ಯದಲ್ಲಿ ವಿಭಕ್ತಿ ತಪ್ಪಿದೆಯಲ್ಲ" ಎಂದು ಒಳಗಿನಿಂದಲೇ ತಿದ್ದಿದರು. "ಬ್ರಹ್ಮರಾಕ್ಷಸ ಇಂಥ ಕನ್ನಡ ಆಡ್ತಾನಾ?" ಎಂದು ಕೇಳಿದರು. ಕಥೆಯ ಕೊನೆ ನನಗೆ ಹೊಳೆದಿದ್ದು ಆ ಕ್ಷಣದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ತುಟಿ ಕೂಡಿಸುವ ಕೆಲಸ, ಲಿಪ್ ಸಿಂಕ್. ಎಲ್ಲಾ ಕಡೆ ಇಂಗ್ಲಿಷಿನ ಬಾಯಿ ಚಾರ್ಟುಗಳೇ ಸಿಗುತ್ತಿದ್ದವು. ಯಾವ ಅಕ್ಷರಕ್ಕೆ ಬಾಯಿ ಹೇಗೆ ಎಂದು ಅದರಲ್ಲಿ ಚಿತ್ರ ಇರುತ್ತದೆ. ಅದನ್ನು ಹಿಡಿದುಕೊಂಡು "ಸಂಬಳ ಕೊಡಿ ಸ್ವಾಮಿ" ಎಂಬುದಕ್ಕೆ ಬಾಯಿ ಕೂಡಿಸಲು ಹೋದರೆ, ಬ್ರಹ್ಮರಾಕ್ಷಸ ಡಬ್ಬಿಂಗ್ ಸಿನಿಮಾದ ವಿಲನ್ ಥರ ಕಂಡ. ಮೇಷ್ಟ್ರ ಹತ್ತಿರ ಅತ್ತುಕೊಂಡೆ. ಅವರು ನಕ್ಕು, "ಒಂದನೇ ಕ್ಲಾಸಲ್ಲಿ ಕಲಿತ ವರ್ಣಮಾಲೆ ಮರೆತುಬಿಟ್ಟೆಯಾ?" ಎಂದರು.

ಸರಿಯಾಗಿ ನೋಡಿದರೆ ನಮ್ಮ ವರ್ಣಮಾಲೆಯೇ ಒಂದು ಬಾಯಿ ಚಾರ್ಟು. ಕ ವರ್ಗ ಗಂಟಲಲ್ಲಿ, ಚ ವರ್ಗ ಅಂಗುಳಲ್ಲಿ, ಟ ವರ್ಗ ನಾಲಿಗೆ ಮಡಚಿ, ತ ವರ್ಗ ಹಲ್ಲಿಗೆ ತಾಗಿಸಿ, ಪ ವರ್ಗ ತುಟಿ ಕೂಡಿಸಿ. ಒಳಗಿನಿಂದ ಹೊರಗೆ ಸಾಲಾಗಿ ಬರುತ್ತದೆ. ಕಾರ್ಟೂನ್ ಮಾಡುವವನಿಗೆ ಹೊರಗೆ ಕಾಣುವುದಷ್ಟೇ ಮುಖ್ಯ. ಗಂಟಲಲ್ಲಿ ಆಗುವುದು ಯಾರಿಗೂ ಕಾಣುವುದಿಲ್ಲ. ಅಂದರೆ ಕ, ಚ, ಟ ವರ್ಗಗಳನ್ನೆಲ್ಲಾ ಬಿಟ್ಟುಬಿಡಬಹುದು! ಬಾಯಿ ಆಗ ಸ್ವರದ ಆಕಾರದಲ್ಲೇ ಇದ್ದರೆ ಸಾಕು. ಪ ಬ ಮ ಬಂದಾಗ ತುಟಿ ಮುಚ್ಚಲೇಬೇಕು. ವ ಬಂದಾಗ ಕೆಳತುಟಿ ಸ್ವಲ್ಪ ಮೇಲೇಳಬೇಕು. ಅ ಆ ತೆರೆದ ಬಾಯಿ, ಇ ಎ ಅಗಲ ಬಾಯಿ, ಉ ಒ ದುಂಡು ಬಾಯಿ. ಸ ಶ ಬಂದಾಗ ಹಲ್ಲು ಹತ್ತಿರ. ಮುಗಿಯಿತು. ಆರು ಬಾಯಿಯಲ್ಲಿ ಇಡೀ ಕನ್ನಡ.

"ಸಂಬಳ" ಪದ ತಗೊಳ್ಳಿ. ಬರೆಯುವಾಗ ಸೊನ್ನೆ ಕಂಡರೂ ಅಲ್ಲಿ ನಾವು ಆಡುವುದು ಮ್. ಅದರ ಹಿಂದೆಯೇ ಬ. ಎರಡಕ್ಕೂ ಒಂದೇ ಸಲ ತುಟಿ ಮುಚ್ಚಬೇಕು, ಎರಡು ಸಲ ಅಲ್ಲ. ಮುಚ್ಚಿದ ತುಟಿ ಕನಿಷ್ಠ ಎರಡು ಫ್ರೇಮ್, ಅಂದರೆ ಸಿನಿಮಾದ ಎರಡು ಬಿಡಿ ಚಿತ್ರ, ಹಾಗೇ ಇರಬೇಕು, ಇಲ್ಲದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಮತ್ತೆ, ಶಬ್ದಕ್ಕಿಂತ ಒಂದೆರಡು ಫ್ರೇಮ್ ಮೊದಲೇ ಮುಚ್ಚಿದರೆ ಸರಿಯಾಗಿ ಕಾಣುತ್ತದೆ. ಕನ್ನಡದ ಪದಗಳು ಹೆಚ್ಚು ಕಡಿಮೆ ಎಲ್ಲವೂ ಸ್ವರದಲ್ಲೇ ಮುಗಿಯುವುದರಿಂದ ಮಾತಿನ ಕೊನೆಗೆ ಬಾಯಿ ಟಪ್ ಎಂದು ಮುಚ್ಚಬಾರದು, ನಿಧಾನಕ್ಕೆ ಆರಬೇಕು. ಇಂಗ್ಲಿಷ್ ಚಾರ್ಟು ಹಿಡಿದಾಗ ನಾನು ಮಾಡುತ್ತಿದ್ದ ತಪ್ಪು ಮುಖ್ಯವಾಗಿ ಇದೇ.

ಒಂದೇ ತೊಡಕು ಉಳಿದಿತ್ತು. ಬ್ರಹ್ಮರಾಕ್ಷಸನಿಗೆ ಕೋರೆಹಲ್ಲು! ಹಲ್ಲು ಅಡ್ಡ ಇದ್ದರೆ ತುಟಿ ಮುಚ್ಚುವುದು ಹೇಗೆ? ಸಂಬಳ ಎಂಬ ಪದವನ್ನೇ ಅವನು ಹೇಳಲಾರ. ಎರಡು ದಿನ ಯೋಚಿಸಿ, ಕೋರೆಹಲ್ಲನ್ನು ಬಾಯಿಯ ಎರಡು ಮೂಲೆಗೆ ಸರಿಸಿದೆ. ಮಧ್ಯದಲ್ಲಿ ತುಟಿ ಆರಾಮಾಗಿ ಮುಚ್ಚಿತು. ಆದರೆ ಅವನು ಸ್ವಲ್ಪ ಜಾಸ್ತಿಯೇ ಸಜ್ಜನನ ಹಾಗೆ ಕಾಣತೊಡಗಿದ. ಅದೂ ಒಳ್ಳೆಯದೇ ಆಯಿತು.

ಇನ್ನು ಆಡಿಸುವುದು. ಒಂದು ಸೆಕೆಂಡಿಗೆ 24 ಫ್ರೇಮು. ನಾನು ಎರಡು ಫ್ರೇಮಿಗೆ ಒಂದು ಭಂಗಿಯಂತೆ ಮಾಡಿದೆ, ಅಂದರೆ ಸೆಕೆಂಡಿಗೆ ಹನ್ನೆರಡು. ಅನುಕೂಲಕ್ಕೆ ಮಾಡಿಕೊಂಡಿದ್ದು, ಆದರೆ ದೆವ್ವಗಳ ಕುಲುಕಾಟಕ್ಕೆ ಅದೇ ಸರಿಹೋಯಿತು. ರಾತ್ರಿ ಊಟ ಆದ ಮೇಲೆ ಹತ್ತರಿಂದ ಹನ್ನೆರಡೂವರೆವರೆಗೆ ಕೂರುತ್ತಿದ್ದೆ. ಒಳ್ಳೆಯ ದಿನವಾದರೆ ಎರಡು ಸೆಕೆಂಡು ಮುಗಿಯುತ್ತಿತ್ತು.

ಬ್ರಹ್ಮರಾಕ್ಷಸ ಮೊದಲ ಸಲ ಜನರನ್ನು ಹೆದರಿಸುವ ದೃಶ್ಯ ಎಷ್ಟು ಮಾಡಿದರೂ ಸಪ್ಪೆ. ಬಾಗಿಲ ಹಿಂದಿನಿಂದ ಹಾರಿ ಬರುತ್ತಾನೆ, ಅಷ್ಟೇ. ಡಿಸ್ನಿಯ ಹಳೆಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಅನಿಮೇಷನ್ನಿನ ಹನ್ನೆರಡು ಸೂತ್ರಗಳನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಒಂದು ಆಂಟಿಸಿಪೇಷನ್. ಏನೋ ಆಗಲಿದೆ ಎಂದು ಮೊದಲೇ ಸುಳಿವು ಕೊಡುವುದು. ಹಾರುವ ಮುಂಚೆ ಕುಗ್ಗಬೇಕು, ಹೊಡೆಯುವ ಮುಂಚೆ ಕೈ ಹಿಂದೆ ಹೋಗಬೇಕು. ಓದಿ ತಲೆಯಾಡಿಸಿದೆ, ಆದರೆ ಒಳಗೆ ಇಳಿಯಲಿಲ್ಲ.

ಒಂದು ರಾತ್ರಿ ಸುಮ್ನೆ ಕೂತಿದ್ದಾಗ ಪುತ್ತೂರಿನ ಹತ್ತಿರದ ಅಜ್ಜಿಮನೆ ನೆನಪಾಯಿತು. ಗದ್ದೆಯಲ್ಲಿ ಯಕ್ಷಗಾನ. ನಡುರಾತ್ರಿ ಬಣ್ಣದ ವೇಷ, ಅಂದರೆ ರಾಕ್ಷಸ, ಬರುವ ಹೊತ್ತು. ಮೊದಲು ದೂರದಲ್ಲಿ ಆರ್ಭಟೆ ಮಾತ್ರ ಕೇಳುತ್ತದೆ. ಚೆಂಡೆ ಏರುತ್ತದೆ. ದೊಂದಿಗೆ ರಾಳ ಎಸೆದು ಭಗ್ ಎಂದು ಬೆಂಕಿ ಏಳಿಸುತ್ತಾರೆ. ರಂಗಸ್ಥಳದಲ್ಲಿ ಇಬ್ಬರು ತೆರೆ ಹಿಡಿದಿರುತ್ತಾರೆ. ತೆರೆಯ ಮೇಲೆ ಕಿರೀಟದ ತುದಿ, ಆಮೇಲೆ ತೆರೆಯ ಅಂಚಿನಲ್ಲಿ ಬೆರಳು, ಆಮೇಲೆ ಬೆನ್ನು. ಅಕ್ಕಿಹಿಟ್ಟು, ಸುಣ್ಣದ ಬಿಳಿ ಚುಕ್ಕೆಗಳ ಚಿಟ್ಟಿ ಇಟ್ಟ ಆ ಮುಖ ಕಾಣುವಷ್ಟರಲ್ಲಿ ನಾವು ಮಕ್ಕಳೆಲ್ಲಾ ಅಜ್ಜಿಯ ಸೆರಗಿನೊಳಗೆ. ರಾಕ್ಷಸ ಇನ್ನೂ ಏನೂ ಮಾಡಿರುವುದಿಲ್ಲ! ಹೆದರಿಸಿದ್ದು ತೆರೆ.

ಬ್ರಹ್ಮರಾಕ್ಷಸನ ಕೈಗೆ ಒಂದು ತೆರೆ ಕೊಟ್ಟೆ. ಅವನು ಶಾಸ್ತ್ರೋಕ್ತವಾಗಿ ಶುರು ಮಾಡುತ್ತಾನೆ. ಆರ್ಭಟೆ, ಕಿರೀಟ, ಬೆರಳು, ಬೆನ್ನು, ಒಂದೂ ಬಿಡುವುದಿಲ್ಲ. ಕೊನೆಗೆ ಮುಖ ತೋರಿಸಿ ಅಬ್ಬರಿಸಿದಾಗ ಎದುರಿಗೆ ಯಾರೂ ಇಲ್ಲ. ಟಿಕೆಟ್ ತಗೊಂಡವರು ಆ ಕಡೆಯ ಬಾಗಿಲಿಂದ ಹೊರಗೆ ಹೋಗಿ ಆಗಲೇ ಐಸ್‌ಕ್ರೀಮ್ ತಿನ್ನುತ್ತಿದ್ದಾರೆ. ನನ್ನ ಸಿನಿಮಾದಲ್ಲಿ ನನಗೆ ಇಷ್ಟದ ಭಾಗ ಇದೇ.

ಮಾರ್ಪಾಡು ಎಲ್ಲಾ ಮುಗಿಸಿ ರೆಂಡರಿಂಗ್‌ಗೆ ಕೂತಿದ್ದು 2024ರ ಡಿಸೆಂಬರ್‌ನಲ್ಲಿ. ರೆಂಡರಿಂಗ್ ಎಂದರೆ ಒಂದೊಂದೇ ಫ್ರೇಮನ್ನು ಬೆಳಕು ನೆರಳು ಹಾಕಿ ಚಿತ್ರ ಮಾಡುವುದು. 190 ಸೆಕೆಂಡು, 4,560 ಫ್ರೇಮು. ಬ್ಲೆಂಡರಿನಲ್ಲಿ ಸೈಕಲ್ಸ್ ಎಂಬ ವಿಧಾನ ಬೆಳಕನ್ನು ಚೆನ್ನಾಗಿ ಲೆಕ್ಕ ಹಾಕುತ್ತದೆ, ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಫ್ರೇಮಿಗೆ ನಾಲ್ಕು ನಿಮಿಷ. ಲೆಕ್ಕ ಹಾಕಿದೆ, ಅದು ನನ್ನ ಕಸುಬು ತಾನೇ. 304 ಗಂಟೆ. ಹನ್ನೆರಡೂವರೆ ದಿನಕ್ಕಿಂತ ಜಾಸ್ತಿ, ಒಂದು ನಿಮಿಷವೂ ಆರಿಸದೆ. ಈವಿ ಎಂಬ ಇನ್ನೊಂದು ವಿಧಾನದಲ್ಲಿ ಹನ್ನೆರಡು ಸೆಕೆಂಡಿಗೆ ಒಂದು ಫ್ರೇಮ್. ಹದಿನೈದು ಗಂಟೆಯ ಕೆಲಸ. ನೆರಳು ಸ್ವಲ್ಪ ಒರಟು, ಆದರೆ ಮಕ್ಕಳು ನೆರಳು ನೋಡುತ್ತಾರಾ?

ಶನಿವಾರ ರಾತ್ರಿ ಹಚ್ಚಿಟ್ಟು ಮಲಗಿದೆ. ಬೆಳಗಿನ ಜಾವ ಕರೆಂಟ್ ಹೋಗಿದೆ. ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ನಾನು ಮಾಡಿದ ದಡ್ಡತನ ಏನೆಂದರೆ ನೇರವಾಗಿ ವಿಡಿಯೋ ಫೈಲ್ ಆಗಿ ಬರಲಿ ಎಂದು ಇಟ್ಟಿದ್ದು. ಅರ್ಧಕ್ಕೆ ನಿಂತ ಆ ಫೈಲು ತೆರೆಯಲೇ ಇಲ್ಲ. ಇಡೀ ರಾತ್ರಿಯ ಕೆಲಸ ಹೋಯಿತು. ಒಂದೊಂದು ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಉಳಿಸಿ, ಆಮೇಲೆ ಜೋಡಿಸಿಕೊಳ್ಳಬೇಕು. ಆಗ ಕರೆಂಟ್ ಹೋದರೂ ನಿಂತ ಕಡೆಯಿಂದ ಮುಂದುವರಿಸಬಹುದು. ಬ್ಲೆಂಡರ್ ಕಲಿಸುವವರೆಲ್ಲಾ ಇದನ್ನು ಹೇಳುತ್ತಾರೆ, ಕಲಿಯುವವರೆಲ್ಲಾ ಒಂದು ಸಲ ಕಳಕೊಂಡ ಮೇಲೇ ಕೇಳುತ್ತಾರೆ. ಕೊಳ್ಳಿದೆವ್ವಕ್ಕೆ ಕರೆಂಟ್ ಹೋದಾಗಿನ ಡ್ಯೂಟಿ ಕೊಟ್ಟಿದ್ದಕ್ಕೆ ಹೀಗಾಯಿತು ಎಂದು ಹೆಂಡತಿ ಆಡಿಕೊಂಡಳು.

ಶಬ್ದಗಳನ್ನೆಲ್ಲಾ ಮನೆಯಲ್ಲೇ ಹಿಡಿದೆ. ಜಾಯಿಂಟ್ ವೀಲ್ ಕಿರುಗುಡುವುದು ನಮ್ಮ ಸ್ಟೋರ್ ರೂಮಿನ ಬಾಗಿಲು. ಮೋಹಿನಿಯ ಹೆಜ್ಜೆ ತಟ್ಟೆಯಲ್ಲಿ ಹರಡಿದ ರವೆ.

ಕಥೆಯ ಕೊನೆ ಹೀಗೆ. ಪುಟ್ಟ ಹುಡುಗಿ ಕೌಂಟರಿನ ಬೋರ್ಡು ಅಳಿಸಿ, ಸೀಮೆಸುಣ್ಣದಲ್ಲಿ "ಇವತೆ ಬಾ" ಎಂದು ಬರೆಯುತ್ತಾಳೆ. ಒಂದನೇ ಕ್ಲಾಸಿನವಳು, ಒತ್ತಕ್ಷರ ಇನ್ನೂ ಬಂದಿಲ್ಲ, ದೀರ್ಘವೂ ಇಲ್ಲ. ಮೂರೂ ದೆವ್ವ ಓಡಿ ಬರುತ್ತವೆ. ಮ್ಯಾನೇಜರು ಬೆವರು ಒರೆಸಿಕೊಂಡು ಗಲ್ಲಾಪೆಟ್ಟಿಗೆ ತೆಗೆಯುತ್ತಾನೆ. ಬ್ರಹ್ಮರಾಕ್ಷಸ ಮಾತ್ರ ಬೋರ್ಡಿನ ಮುಂದೆಯೇ ನಿಂತುಬಿಡುತ್ತಾನೆ. ಅವನಿಗೆ ತಡೆಯಲಾಗುವುದಿಲ್ಲ. ಸೀಮೆಸುಣ್ಣ ತಗೊಂಡು ತವತ್ತು ಹಾಕಿ, ದೀರ್ಘ ಎಳೆದು, ಹುಡುಗಿಗೆ ವಿವರಿಸತೊಡಗುತ್ತಾನೆ. ಅಷ್ಟರಲ್ಲಿ ಕೌಂಟರ್ ಮುಚ್ಚುವ ಗಂಟೆ ಹೊಡೆಯಲು ಶುರುವಾಗುತ್ತದೆ. ಮೋಹಿನಿ ಅವನ ಜಟೆ ಹಿಡಿದು ಎಳೆದುಕೊಂಡು ಹೋಗಿ ಸಂಬಳಕ್ಕೆ ಕೈ ಚಾಚಿಸುತ್ತಾಳೆ.

2025ರ ಜನವರಿಯಲ್ಲಿ ಮೇಷ್ಟ್ರ ಮನೆಯ ತಾರಸಿಯಲ್ಲಿ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರಿನಲ್ಲಿ ಹಾಕಿದೆವು. ಬೀದಿಯ ಮಕ್ಕಳು ಹದಿನೇಳು ಜನ. ತೆರೆಯ ದೃಶ್ಯಕ್ಕೆ ನಕ್ಕಿದ್ದು ದೊಡ್ಡವರು ಮಾತ್ರ. ಮಕ್ಕಳು ಬಿದ್ದು ಬಿದ್ದು ನಕ್ಕಿದ್ದು ಒಂದು ಕಡೆ ಮ್ಯಾನೇಜರು ಬಾಯಿ ತೆರೆದಾಗ. ಎಡಗಿವಿ ಚೂರು ಕೆಳಗೆ ಬಂದಿತ್ತು. ಆ ಶಾಟಿನಲ್ಲಿ ಬಣ್ಣ ಬಳಿದಿದ್ದು ಸರಿಯಾಗಿರಲಿಲ್ಲ, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮಗಳು ಎಲ್ಲರಿಗೂ ಕೇಳುವಂತೆ ಹೇಳಿದಳು, "ಮ್ಯಾನೇಜರ್ ನಮ್ಮಪ್ಪನ ಥರಾನೇ ಇದಾನೆ ನೋಡಿ." ನಿಜ. ಅದೇ ಕನ್ನಡಕ, ಅದೇ ಜೇಬಿನಲ್ಲಿ ಪೆನ್ನು. ಬೇಕೆಂದು ಮಾಡಿದ್ದಲ್ಲ. ಆಫೀಸಿನಲ್ಲಿ ಬಿಲ್ಲು ಹಿಡಿದು ಬಂದವರಿಗೆ ದಿನಕ್ಕೆ ಹತ್ತು ಸಲ "ನಾಳೆ ಬನ್ನಿ" ಅನ್ನುವವನು ನಾನೇ ತಾನೇ? ಬಹುವಚನ ಹಾಕಿ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ.

ಅದಾಗಿ ಎರಡು ತಿಂಗಳಿಗೆ, ಲಾಟ್ವಿಯಾದ 'ಫ್ಲೋ' ಎಂಬ ಚಿತ್ರಕ್ಕೆ ಆಸ್ಕರ್ ಬಂತು. ಅದನ್ನೂ ಬ್ಲೆಂಡರಿನಲ್ಲೇ ಮಾಡಿದ್ದು. ಪೇಪರಿನಲ್ಲಿ ಓದಿ ಮನೆಯಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಂಡೆ. ಹೆಂಡತಿ ಸೊಪ್ಪು ಬಿಡಿಸುತ್ತಾ ಹೂಂ ಅಂದಳು.

ಆ ವರ್ಷದ ದಸರಾಕ್ಕೆ ಎಕ್ಸಿಬಿಷನ್‌ಗೆ ಹೋದಾಗ ಸಿನಿಮಾ ಮೊಬೈಲಿನಲ್ಲಿ ಹಾಕಿಕೊಂಡು ಹೋಗಿದ್ದೆ. ಟೆಂಟಿನ ಹಿಂದೆ ಆ ಚುರುಮುರಿಯ ದೆವ್ವ ಇರಲಿಲ್ಲ. ಬೇರೆ ಹುಡುಗ, ಇಪ್ಪತ್ತು ಇಪ್ಪತ್ತೆರಡು ವರ್ಷ ಇರಬಹುದು, ಮೈಯೆಲ್ಲಾ ಕಪ್ಪು ಬಟ್ಟೆ. ಟೀ ಕುಡಿಯುತ್ತಿದ್ದ. ಮಗಳೇ ಹೋಗಿ ಮೊಬೈಲು ಹಿಡಿದಳು. ಅವಳಿಗೀಗ ದೆವ್ವ ಎಂದರೆ ಭಯವಿಲ್ಲ. ಅವನು ಒಂದು ಮಾತೂ ಆಡದೆ ಪೂರ್ತಿ ನೋಡಿದ. ಸಂಬಳ ಕೊಡುವ ಕಡೆ ಬಂದಾಗ ಮಾತ್ರ, "ಅವತ್ತೇ ಕೊಟ್ಬಿಟ್ರಾ? ಕಾರ್ಟೂನಲ್ವಾ ಸಾರ್, ಕೊಡ್ತಾರೆ" ಎಂದ.

ಒಳಗಿನಿಂದ ಯಾರೋ ಕೂಗಿದರು. ಅವನು ಲೋಟ ಕೆಳಗಿಟ್ಟು ಮುಖವಾಡ ಹಾಕಿಕೊಂಡ. ಎರಡು ಹೆಜ್ಜೆ ಹೋಗಿ ತಿರುಗಿ ಬಂದ. "ಪಾಪು, ಆ ಮರಳಲ್ಲಿ ಹೆಜ್ಜೆ ಉಲ್ಟಾ ಬೀಳತ್ತಲ್ಲ, ಅದೊಂದ್ಸಲ ಹಾಕವ್ವ."